ನಾನು ಎಡಚಿಯ ಪಾರ್ಟಿ

ಆ ಗುರುವಾರದ ಬೆಳಗು ಎಲ್ಲ ಬೆಳಗುಗಳ ಹಾಗೇ ಶುರುವಾಯಿತು. ಐದೂವರೆಗೆ ನಳ ಬಂತು. ಹಂಡೆ ತುಂಬಿತು. ಒಲೆ ಹತ್ತಿತು. ನಾನು ರೊಟ್ಟಿ ಬಡಿಯುತ್ತ ಕುಳಿತೆ. ಪಡಸಾಲೆಯ ಮೂಲೆಯಲ್ಲಿ ನಮ್ಮ ಅತ್ತೆಯವರು ಜಳಕ ಮುಗಿಸಿ, ವಿಭೂತಿ ಹಚ್ಚಿಕೊಂಡು, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆಗೆ ಕುಳಿತರು. ಮನೆಯವರು ಹಿತ್ತಲಲ್ಲಿ ಹಲ್ಲುಜ್ಜಿದರು. (ಹಲ್ಲುಜ್ಜಲು ಇಷ್ಟೊಂದು ಸದ್ದು ಏಕೆ ಬೇಕು ಎಂಬುದು ಮದುವೆಯಾದಾಗಿನಿಂದ ನನಗೆ ತಿಳಿದಿಲ್ಲ.)

ಎಂಟು ಗಂಟೆಗೆ ಮಗಳು ನೀಲಾ ಉಣ್ಣಲು ಕುಳಿತಳು. ಅವಳಿಗೆ ಆರು ವರ್ಷ. ಅತ್ತೆ ಗಂಗಾಳ ಮುಂದಿಟ್ಟರು. ರೊಟ್ಟಿ, ಬದನೆಕಾಯಿ, ಮೇಲೊಂದಿಷ್ಟು ಬೆಣ್ಣೆ. ಆಮೇಲೆ, ನೀರಿನ ತಂಬಿಗೆ ಇಟ್ಟಷ್ಟೇ ಸಹಜವಾಗಿ, ಮೊಮ್ಮಗಳ ಎಡಗೈಯನ್ನು ಬೆನ್ನ ಹಿಂದಕ್ಕೆ ಸರಿಸಿ, ಹಳೆಯ ಸೀರೆಯ ಮೆತ್ತನೆಯ ಪಟ್ಟಿಯೊಂದರಿಂದ ಅವಳ ಉಡದಾರಕ್ಕೆ ಕಟ್ಟಿದರು.

ಗಂಟು ಬಿಗಿ ಇರಲಿಲ್ಲ. ಅತ್ತೆ ಕೆಟ್ಟವರಲ್ಲ. ಕಟ್ಟಿದ ಮೇಲೆ ಅದೇ ಕೈಗೆ ಒಂದು ಮುತ್ತು ಕೊಟ್ಟರು.

ನೀಲಾ ಬಲಗೈಯಲ್ಲಿ ರೊಟ್ಟಿ ಮುರಿಯಲು ಹೋದಳು. ರೊಟ್ಟಿ ಜಾರಿತು. ಇನ್ನೊಮ್ಮೆ ಹೋದಳು. ಬದನೆಕಾಯಿಯ ಎಣ್ಣೆ ಶಾಲೆಯ ಅಂಗಿಯ ಮೇಲೆ ಬಿತ್ತು.

"ಶ್ರಾವಣದ ಒಳಗ ರೂಢಿ ಆಕ್ಕೈತಿ ಬಿಡು," ಎಂದರು ಅತ್ತೆ.

ಶ್ರಾವಣದಲ್ಲಿ ಏನಿದೆ? ನಮ್ಮ ಮೈದುನನ ಮದುವೆಯ ಮಾತುಕತೆ ಇದೆ. ಬೀಗರು ಬರುತ್ತಾರೆ, ಪಂಕ್ತಿ ಹಾಕುತ್ತೇವೆ. ಮನೆಯ ಹುಡುಗಿ ಎಲ್ಲರೆದುರು ಎಡಗೈಯಲ್ಲಿ ಉಂಡರೆ ಏನೆಂದುಕೊಂಡಾರು? ಅದಕ್ಕೇ ಈ ಪಟ್ಟಿ. ಶಾಲೆಯ ಮಾಸ್ತರೂ ಹೇಳಿ ಕಳಿಸಿದ್ದರು, ಮನೆಯಲ್ಲಿ ಕೈ ತಿದ್ದಿರಿ ಎಂದು. ಹದಿನೈದು ದಿನಗಳಿಂದ ಹೀಗೇ ನಡೆದಿತ್ತು. ನಾನು? ನಾನು ರೊಟ್ಟಿ ಬಡಿಯುತ್ತಿದ್ದೆ.

ಹತ್ತರ ಹುಬ್ಬಳ್ಳಿ ಬಸ್ಸಿಗೆ ಪೇಪರ್ ಬಂತು. ನಾನು ಹಿಂದಿನಿಂದ ಓದುವವಳು. ಮೊದಲು ಕ್ರೀಡಾ ಪುಟ, ನಂತರ ಕಳ್ಳತನ, ಕೊನೆಗೆ ಮಂತ್ರಿಗಳು. ಅವತ್ತು ಸಂಜೆ ಲಂಡನ್ನಿನ ಹುಲ್ಲಿನ ಅಂಗಳದಲ್ಲಿ ಸೆಮಿಫೈನಲ್. ಮತ್ತೆ ಅವರಿಬ್ಬರೇ. ಟೀವಿಯಲ್ಲಿ ತೋರಿಸುತ್ತಾರಂತೆ.

ಯಾರಿಬ್ಬರು ಎಂದು ಕೇಳಬೇಡಿ. ಟೆನ್ನಿಸ್ ನೋಡುವವರಿಗೆ ಹೇಳಬೇಕಾಗಿಲ್ಲ, ನೋಡದವರಿಗೆ ಹೇಳಿ ಉಪಯೋಗವಿಲ್ಲ. ನಮ್ಮ ನವಲಗುಂದದ ಓಣಿಯಲ್ಲಂತೂ ಅವರ ನಿಜವಾದ ಹೆಸರು ಯಾರ ನಾಲಿಗೆಗೂ ಹೊರಳುವುದಿಲ್ಲ. ಒಬ್ಬಳು ಎಡಗೈ ಆಟಗಾರ್ತಿ. ತೋಳಿನ ನರ ಉಬ್ಬಿದವಳು, ಸರ್ವ್ ಮಾಡಿದ ಕೂಡಲೇ ನೆಟ್ಟಿನ ಹತ್ತಿರ ಓಡಿ ಬರುವವಳು. ಅವಳನ್ನು ಅತ್ತೆ 'ಎಡಚಿ' ಎನ್ನುತ್ತಾರೆ. ಇನ್ನೊಬ್ಬಳು ಅಂಗಳದ ಹಿಂದೆ ನಿಂತು, ತಲೆಗೂದಲು ಚೂರೂ ಕೆದರದೆ, ಗೆದ್ದರೂ ಸೋತರೂ ಒಂದೇ ಮುಖ ಇಟ್ಟುಕೊಂಡು ಆಡುವವಳು. ಅವಳು 'ಶಾಣ್ಯಾಕಿ', ಅಂದರೆ ಜಾಣೆ.

ಅತ್ತೆ ಶಾಣ್ಯಾಕಿಯ ಪಾರ್ಟಿ. ನಾನು ಎಡಚಿಯ ಪಾರ್ಟಿ. ನಮ್ಮ ಮನೆಯಲ್ಲಿ ಇರುವ ಪಾರ್ಟಿಗಳು ಇವೆರಡೇ, ಚುನಾವಣೆ ಮಾತ್ರ ವರ್ಷವಿಡೀ.

ಜನವರಿಯಲ್ಲಿ ಆಸ್ಟ್ರೇಲಿಯಾ, ಬೇಸಿಗೆಗೆ ಪ್ಯಾರಿಸ್ಸಿನ ಕೆಂಪು ಮಣ್ಣು, ಮುಂಗಾರಿಗೆ ಲಂಡನ್ನಿನ ಹುಲ್ಲು, ಗಣಪತಿ ಕೂಡಿಸುವ ಹೊತ್ತಿಗೆ ನ್ಯೂಯಾರ್ಕ್. ನಾವು ಇವನ್ನೆಲ್ಲ ಟೀವಿಯಲ್ಲಿ ನೋಡುತ್ತೇವೆ ಅಂದುಕೊಳ್ಳಬೇಡಿ. ಮುಕ್ಕಾಲು ಪಾಲು ಪೇಪರಿನಲ್ಲೇ. ನಾನು ಓದುತ್ತೇನೆ, ಅತ್ತೆ ಜೋಳ ಹಸನು ಮಾಡುತ್ತ ಕೇಳುತ್ತಾರೆ. ಅವರ ಹುಡುಗಿ ಸೋತಳೆಂದರೆ ಆ ಹೊತ್ತಿನ ಜೋಳದಲ್ಲಿ ಹರಳು ಉಳಿಯುತ್ತದೆ.

"ಕೆಂಪು ನೆಲದಾಗ ನಮ್ಮಾಕಿ, ಹುಲ್ಲಿನ್ಯಾಗ ನಿಮ್ಮಾಕಿ," ಎಂದು ಒಮ್ಮೆ ತೀರ್ಪು ಕೊಟ್ಟರು. "ಇಬ್ರನ್ನೂ ತಂದು ನಮ್ಮ ಎರಿ ಹೊಲದಾಗ, ಮಳಿ ಆದ ಮರುದಿನ ಆಡಿಸ್ಬೇಕು. ಅವಾಗ ಗೊತ್ತಾಕ್ಕೈತಿ."

(ಎರೆಮಣ್ಣು ಕಂಡವರಿಗೆ ಗೊತ್ತು. ಚೆಂಡು ಪುಟಿಯುವುದಿಲ್ಲ, ಚಪ್ಪಲಿ ವಾಪಸು ಬರುವುದಿಲ್ಲ.)

ಆ ದಿನದ ಪೇಪರ್ ಇಬ್ಬರನ್ನೂ ವಯಸ್ಸಾದವರ ಸಾಲಿಗೆ ಸೇರಿಸಿತ್ತು. ಹತ್ತೊಂಬತ್ತರ ಹುಡುಗಿಯರು ಬಂದಿದ್ದಾರೆ, ಇವರ ಕಾಲ ಮುಗಿಯುತ್ತ ಬಂತು ಎಂಬ ಧಾಟಿ. ಇಬ್ಬರಿಗೂ ಮೂವತ್ತು ದಾಟಿದೆ, ಅಷ್ಟೇ. ನನಗೂ ದಾಟಿದೆ. ನಾನಿನ್ನೂ ದಿನಕ್ಕೆ ನಲವತ್ತು ರೊಟ್ಟಿ ಬಡಿಯುತ್ತೇನೆ, ನನ್ನ ಕಾಲ ಮುಗಿಯಿತೆಂದು ಯಾರೂ ಬರೆಯುವುದಿಲ್ಲ. ಬರೆದರೆ ರೊಟ್ಟಿ ಯಾರು ಬಡಿಯಬೇಕು?

ಎಡಚಿಯ ಪಾರ್ಟಿ ಏಕೆ ಎಂದು ನೀವು ಕೇಳಬಹುದು. ಹೇಳಿಬಿಡುತ್ತೇನೆ. ನಾನೂ ಎಡಚಿ.

ಆಶ್ಚರ್ಯವಾಯಿತೇ? ಈ ಅಂಕಣ ಬಲಗೈಯಲ್ಲೇ ಬರೆದು ಕಳಿಸುತ್ತೇನೆ. ಅದು ಕಲಿತ ಕೈ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ನನಗೆ ಕಲಿಸುತ್ತಿದ್ದ ಸಿಸ್ಟರ್ ಎಂದೂ ಹೊಡೆಯಲಿಲ್ಲ, ಬಯ್ಯಲಿಲ್ಲ. ಹತ್ತಿರ ಬಂದು, ನಗುತ್ತ, ಪೆನ್ಸಿಲನ್ನು ಈ ಕೈಯಿಂದ ತೆಗೆದು ಆ ಕೈಗೆ ಇಡುತ್ತಿದ್ದರು. ಅವರು ತಿರುಗುತ್ತಲೇ ನಾನು ವಾಪಸು ದಾಟಿಸುತ್ತಿದ್ದೆ. ಅವರು ಮತ್ತೆ ಬರುತ್ತಿದ್ದರು, ಮತ್ತೆ ನಗು. ಕೊನೆಗೆ ನಗುವೇ ಗೆದ್ದಿತು. ಮನೆಯಲ್ಲಿ ಅಮ್ಮನೂ ಅದನ್ನೇ ಮಾಡುತ್ತಿದ್ದಳು, ನಗದೆ. ಯೇಸುವಿನ ಕಡೆಯವರೂ ಶಿವನ ಕಡೆಯವರೂ ನನ್ನ ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಇದೊಂದರಲ್ಲೇ.

ಈಗಲೂ ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಸೌಟು ಎಡಗೈಗೆ ಹೋಗುತ್ತದೆ. ಹೆಜ್ಜೆ ಸಪ್ಪಳವಾದರೆ ಬಲಗೈಗೆ ಬರುತ್ತದೆ. ತನ್ನ ಮನೆಯಲ್ಲಿ ತನ್ನ ಸೌಟನ್ನು ಕದ್ದು ಹಿಡಿಯುವ ಹೆಂಗಸನ್ನು ನೀವು ನೋಡಿದ್ದೀರಾ? ನೋಡಿರಲಿಕ್ಕಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದಾರೆ.

ಎಡಗೈಯಲ್ಲಿ ಕೊಟ್ಟ ಕುಂಕುಮ ಯಾರೂ ಹಚ್ಚಿಕೊಳ್ಳುವುದಿಲ್ಲ. ಎಡಗೈಯಲ್ಲಿ ಬಡಿಸಿದರೆ ಹಿರಿಯರು ಎಲೆಯಿಂದ ಕೈ ತೆಗೆಯುತ್ತಾರೆ. ಅಂಗಡಿಯವನು ಬೋಣಿ ಕೆಟ್ಟಿತೆಂದು ಮುಖ ಸಿಂಡರಿಸುತ್ತಾನೆ. ಎಡಗೈಯನ್ನು ಯಾವ ಕೆಲಸಕ್ಕೆ ಮೀಸಲಿಟ್ಟಿದ್ದೇವೆ ಎಂಬುದು ನನಗೂ ಗೊತ್ತು, ದಯವಿಟ್ಟು ಯಾರೂ ಬಿಡಿಸಿ ಹೇಳಬೇಡಿ. ಸೋಪು ಎಂಬುದೊಂದು ಬಂದಿದೆ. ಹುಬ್ಬಳ್ಳಿಯಲ್ಲಷ್ಟೇ ಅಲ್ಲ, ನಮ್ಮ ಅಂಗಡಿ ಓಣಿಯಲ್ಲೂ ಸಿಗುತ್ತದೆ.

ಇರಲಿ. ಸಂಜೆಗೆ ಬರೋಣ.

ಆರೂವರೆ. ಸರಿಯಾಗಿ ದೀಪ ಹಚ್ಚುವ ಹೊತ್ತು. ಬೇರೆ ದಿನವಾದರೆ ಆ ಹೊತ್ತಿನಲ್ಲಿ ಟೀವಿ ಹಚ್ಚಲು ಅತ್ತೆ ಬಿಡುವುದಿಲ್ಲ. ಅವತ್ತು ಆರಕ್ಕೇ ದೀಪ ಹಚ್ಚಿ, ಊದುಬತ್ತಿ ತಿರುವಿ, "ಆತು, ಲಕ್ಷ್ಮೀ ಬಂದು ಹೋದ್ಲು, ಹಚ್ಚು ಅದನ್ನ," ಎಂದರು. ಪಡಸಾಲೆಯಲ್ಲಿ ನಮ್ಮೂರದೇ ಜಮಖಾನ ಹಾಸಿ ಮೂವರೂ ಕುಳಿತೆವು. ಅತ್ತೆ, ನಾನು, ನಡುವೆ ನೀಲಾ. ಮನೆಯವರು ಇನ್ನೂ ಕಾಳುಕಡಿ ತೂಗುವ ಅಡತಿ ಅಂಗಡಿಯಿಂದ ಬಂದಿರಲಿಲ್ಲ. ನೀಲಾಳಿಗೆ ಹಸಿವು, ಅಲ್ಲೇ ಗಂಗಾಳ ತಂದಿಟ್ಟೆ. ಅತ್ತೆ ಟೀವಿಯಿಂದ ಕಣ್ಣು ತೆಗೆಯದೆ, ಸೊಂಟದಲ್ಲಿ ಸಿಕ್ಕಿಸಿದ್ದ ಪಟ್ಟಿ ತೆಗೆದು, ಅವಳ ಕೈ ಕಟ್ಟಿದರು.

ಕಪ್ಪು ಬಿಳುಪು ಪರದೆಯ ಮೇಲೆ ಇಬ್ಬರೂ ಬಂದರು. ಅಂಪೈರನ ಏಣಿಯ ಆಚೆ ಒಬ್ಬಳು, ಈಚೆ ಒಬ್ಬಳು ಕುರ್ಚಿಯಲ್ಲಿ ಕುಳಿತರು. ಒಬ್ಬರನ್ನೊಬ್ಬರು ನೋಡಲಿಲ್ಲ.

"ಸವತ್ಯಾರು ಕುಂತಂಗ ಕುಂತಾರ ನೋಡು," ಎಂದರು ಅತ್ತೆ, ಬಹಳ ಸಂತೋಷದಿಂದ.

ಮೊದಲ ಸೆಟ್ ಎಡಚಿ ಬಿರುಗಾಳಿಯಂತೆ ಹೊಡೆದುಕೊಂಡು ಹೋದಳು. ನಾನು ಚಪ್ಪಾಳೆ ತಟ್ಟಿದೆ. ಎರಡನೆಯದರಲ್ಲಿ ಶಾಣ್ಯಾಕಿ ನಿಧಾನವಾಗಿ, ಗೆರೆಯ ಮೇಲೆ ಗೆರೆ ಎಳೆದಂತೆ ಆಡುತ್ತ ತಿರುಗಿ ಬಂದಳು. ಅತ್ತೆ ಚಪ್ಪಾಳೆ ತಟ್ಟಲಿಲ್ಲ. ಬರೀ ನನ್ನ ಕಡೆ ಒಮ್ಮೆ ನೋಡಿದರು. ಅದು ಚಪ್ಪಾಳೆಗಿಂತ ಜೋರಾಗಿತ್ತು.

ಮೂರನೇ ಸೆಟ್. ನೀಲಾಳ ರೊಟ್ಟಿ ಹಾಗೇ ಇತ್ತು. ಅವಳು ಎಡಚಿಯ ಕೈಯನ್ನೇ ನೋಡುತ್ತಿದ್ದಳು.

"ಆಯೀ," ಎಂದು ಅಜ್ಜಿಯನ್ನು ಕರೆದಳು.

"ಏನವಾ?"

"ಆಕಿ ಕೈ ಯಾಕ ಕಟ್ಟಿಲ್ಲ?"

"ಆಕಿಗೆ ಹೇಳವ್ರು ಕೇಳವ್ರು ಯಾರೂ ಇಲ್ಲ. ನೀ ಉಣ್ಣು."

"ಮತ್ತ ನಿನ್ನಾಕಿನೂ ಎಡಗೈ ಹಚ್ಚಾಕತ್ತಾಳಲ್ಲ?"

ನಿಜ. ಶಾಣ್ಯಾಕಿ ಎಡಬದಿಗೆ ಬಂದ ಚೆಂಡನ್ನು ಎರಡೂ ಕೈಯಲ್ಲಿ ರಾಕೆಟ್ ಹಿಡಿದು ಹೊಡೆಯುತ್ತಾಳೆ. ಇಷ್ಟು ವರ್ಷ ಅತ್ತೆ ಅದನ್ನು ನೋಡಿರಲಿಲ್ಲವೇ? ನೋಡಿದ್ದರು. ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಅದು ಜೋಡಗೈ," ಎಂದರು, ತಡಮಾಡದೆ. "ಹಿರ್‍ಯಾರಿಗೆ ಏನರ ಕೊಡೂ ಮುಂದ ಎರಡೂ ಕೈಲೆ ಕೊಡ್ತೀವಿಲ್ಲ? ಹಂಗ. ಮರ್ಯಾದಿ ಅದು."

ಶಾಣ್ಯಾಕಿ ಆ ಮರ್ಯಾದೆಯಿಂದಲೇ ಒಂದು ಪಾಯಿಂಟ್ ಕಸಿದುಕೊಂಡಳು.

ನನಗೆ ನಗು ಬರಬೇಕಾಗಿತ್ತು. ಬರಲಿಲ್ಲ. ಏಕೆಂದರೆ ನೀಲಾ ಅದೇ ಹೊತ್ತಿಗೆ ಗಂಗಾಳದ ಮೇಲೆ ಬಗ್ಗಿ, ಕೈ ಬಿಟ್ಟು, ನೇರ ರೊಟ್ಟಿಗೇ ಬಾಯಿ ಹಾಕಿದಳು. ಕರು ಮೇವಿಗೆ ಬಾಯಿ ಹಾಕಿದ ಹಾಗೆ. ಅದರಲ್ಲಿ ಹಟವಿರಲಿಲ್ಲ, ಅಳುವೂ ಇರಲಿಲ್ಲ. ಅವಳು ಒಂದು ಉಪಾಯ ಕಂಡುಕೊಂಡಿದ್ದಳು, ಅಷ್ಟೇ. ನಾನು ಸೌಟಿನ ಉಪಾಯ ಕಂಡುಕೊಂಡ ಹಾಗೆ.

ಇದೇ ರೂಢಿಯಲ್ಲವೇ? ಇನ್ನೇನು ಶ್ರಾವಣದೊಳಗೆ ಬಂದೇಬಿಡುತ್ತಿತ್ತು.

"ಅತ್ತೀ," ಎಂದೆ, "ಒಂದು ಮಾತು ಕೇಳ್ತೀನಿ. ಸಿಟ್ಟಿಗೇಳಬ್ಯಾಡ್ರಿ."

"ಆಟಾ ಮುಗೀಲಿ."

"ಆಟದ್ದಲ್ರಿ. ಮುಂಜಾನೆ ಪೂಜಾ ಮಾಡೂ ಮುಂದ ಲಿಂಗ ಯಾವ ಕೈಯಾಗ ಇಟ್ಕೋತೀರಿ?"

ನಮ್ಮ ಪೈಕಿ ಎಲ್ಲರಿಗೂ ಇದು ಗೊತ್ತಿರುವುದೇ. ಹುಟ್ಟಿದಾಗಿನಿಂದ ನೋಡಿದ್ದೇವೆ. ಲಿಂಗ ಎಡ ಅಂಗೈಯಲ್ಲಿ. ಬಲಗೈ ಪತ್ರಿ ಏರಿಸುತ್ತದೆ, ನೀರೆರೆಯುತ್ತದೆ. ದೇವರು ಕೂಡುವುದು ಎಡಗೈಯಲ್ಲಿ. ದಿನಾ ನೋಡುವುದು ನಮಗೆ ಕಾಣುವುದೇ ಇಲ್ಲ. ನನಗೂ ಆ ಗಳಿಗೆಯವರೆಗೆ ಕಂಡಿರಲಿಲ್ಲ.

ಅತ್ತೆ ಟೀವಿಯಿಂದ ಕಣ್ಣು ತೆಗೆದರು. ಪಂದ್ಯ ಶುರುವಾದ ಮೇಲೆ ಇದು ಎರಡನೇ ಸಲ.

"ಅದು ಬ್ಯಾರೆ," ಎಂದರು.

"ಹೆಂಗ ಬ್ಯಾರೇರಿ?"

"ಎಡಗೈ ಹಿಡೀತೈತಿ, ಬಲಗೈ ಮಾಡ್ತೈತಿ. ಹಿಡಿಯೂದು ಬ್ಯಾರೆ, ಮಾಡೂದು ಬ್ಯಾರೆ. ಕಾನ್ವೆಂಟ್ ಕಲ್ತಾಕಿಗೆ ಇಷ್ಟೂ ತಿಳಿಯೂದಿಲ್ಲೇನು?"

"ದೇವರನ್ನ ಹಿಡಿಯೂ ಕೈ ರೊಟ್ಟಿ ಹಿಡೀಬಾರದೇನ್ರಿ?"

ಅವರ ಉತ್ತರಕ್ಕೆ ನಾನು ಕಾಯಲಿಲ್ಲ. ಉತ್ತರ ಬಂದರೆ ನನ್ನ ಧೈರ್ಯ ಹೋದೀತು ಎಂದು ಅಂಜಿಕೆ. ನೀಲಾಳ ಬೆನ್ನ ಹಿಂದೆ ಕೈ ಹಾಕಿ ಗಂಟು ಬಿಚ್ಚಿದೆ. ಮೆತ್ತನೆಯ ಗಂಟು. ಎಳೆದ ಕೂಡಲೇ ಬಂತು. ಹದಿನೈದು ದಿನ ಅದನ್ನು ಬಿಚ್ಚಲು ನನಗೇನಾಗಿತ್ತು?

"ಬೀಗರು ಪಂಕ್ತಿಯಿಂದ ಎದ್ದು ಹೋದ್ರ?" ಎಂದರು ಅತ್ತೆ.

"ಹೋಗ್ಲಿ ಬಿಡ್ರಿ. ಆರು ವರ್ಷದ ಕೂಸಿನ ಕೈ ನೋಡಿ ಏಳವ್ರು, ಮುಂದ ನಮ್ಮ ಮನ್ಯಾಗ ಏನು ಕುಂತಾರು?"

ನನ್ನ ಬಾಯಿಂದ ಇಷ್ಟು ಜೋರು ಮಾತು ಬಂದದ್ದು ನನಗೇ ಹೊಸದು.

"ಆಟಾ ಮುಗದ ಮ್ಯಾಲೆ ಕಟ್ಟತೀನಿ," ಎಂದು ಅತ್ತೆ ಪರದೆಯ ಕಡೆ ತಿರುಗಿದರು. ಅವರ ಹುಡುಗಿ ಸೋಲುವುದರಲ್ಲಿದ್ದಳು. ಎರಡು ಜಗಳ ಒಟ್ಟಿಗೆ ಆಡುವ ವಯಸ್ಸು ಅವರದಲ್ಲ.

ಶಾಣ್ಯಾಕಿ ಹೊಡೆದ ಕೊನೆಯ ಚೆಂಡು ಗೆರೆಯ ಹತ್ತಿರ ಬಿತ್ತು. ಹೊರಗೆ ಎಂದರು ಲಂಡನ್ನಿನವರು. ಎಡಚಿ ಗೆದ್ದಳು.

"ಗೆರಿ ಮ್ಯಾಲ ಬಿದ್ದೈತಿ!" ಅತ್ತೆ ಮೊಣಕಾಲ ಮೇಲೆ ಎದ್ದೇಬಿಟ್ಟರು. "ಸುಣ್ಣ ಹಾರಿದ್ದು ನಾ ನೋಡೀನಿ. ಕಣ್ಣಿಲ್ಲೇನು ಆ ಮಂದೀಗೆ?"

ಟೀವಿಯಲ್ಲಿ ಇಬ್ಬರೂ ನೆಟ್ಟಿನ ಹತ್ತಿರ ಬಂದರು. ಇಷ್ಟು ವರ್ಷ ಒಬ್ಬಳ ನಿದ್ದೆಯನ್ನು ಇನ್ನೊಬ್ಬಳು ಕೆಡಿಸಿದವರು. ಯಾರ ಕಾಲವೂ ಮುಗಿದ ಹಾಗೆ ನನಗೆ ಕಾಣಲಿಲ್ಲ.

ಅತ್ತೆ ಟೀವಿ ಆರಿಸಿದರು. ಜಮಖಾನದ ಮೇಲೆ ಬಿದ್ದಿದ್ದ ಪಟ್ಟಿಯನ್ನು ಎತ್ತಿಕೊಂಡರು. ನೀಲಾಳನ್ನು ನೋಡಿದರು. ಅವಳು ಎಡಗೈಯಲ್ಲಿ ಎರಡನೇ ರೊಟ್ಟಿ ಮುಗಿಸುತ್ತಿದ್ದಳು. ಅಂಗಿಯ ಮೇಲೆ ಒಂದು ಹನಿ ಎಣ್ಣೆ ಇರಲಿಲ್ಲ.

"ನಿನ್ನ ಎಡಚಿ ಗೆದ್ಲು ಅಂದ್ರ ನೀ ಗೆದ್ದಂಗಲ್ಲ," ಎಂದರು ನನಗೆ. ಪಟ್ಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಗೆ ಹೋದರು.

ಅಷ್ಟರಲ್ಲಿ ಮನೆಯವರು ಬಂದರು. ಮಗಳ ಕೈ ನೋಡಿದರು, ನನ್ನ ಮುಖ ನೋಡಿದರು.

"ಏನಿದು?"

"ಊಟರಿ."

"ಅಲ್ಲ, ಅವ್ವ ಏನರ ಅಂದ್ಲೇನು?" (ನಮ್ಮ ಮನೆಯವರಿಗೆ ಯಾವುದೇ ವಿಷಯದಲ್ಲಿ ಮೊದಲು ಬೇಕಾದ ಮಾಹಿತಿ ಇದು.)

"ಅಂದಾರ. ನಾನೂ ಅಂದೀನಿ. ಅಡತ್ಯಾಗ ನಿಮ್ಮ ತಕ್ಕಡಿಗೆ ಎಷ್ಟು ತಟ್ಟಿ ಅದಾವರಿ?"

"ಎರಡು."

"ಎಡಗಡೆದು ಕಟ್ಟಿಹಾಕಿ ತೂಗ್ತೀರೇನು?"

ಅವರು ಟೋಪಿ ತೆಗೆದು ಗೂಟಕ್ಕೆ ಹಾಕಿದರು. "ನಾ ಕೈಕಾಲು ತೊಳ್ಕೊಂಡು ಬರ್ತೀನಿ," ಎಂದು ಹಿತ್ತಲಿಗೆ ನಡೆದರು. ಜಗಳದಿಂದ ಪಾರಾಗಲು ಗಂಡಸರಿಗೆ ಹಿತ್ತಲು ಎಷ್ಟು ಅನುಕೂಲ!

ನಾನು ನನ್ನ ಗಂಗಾಳ ಬಡಿಸಿಕೊಂಡು ಮಗಳ ಪಕ್ಕ ಕುಳಿತೆ. ರೊಟ್ಟಿಗೆ ಕೈ ಹಾಕಿದೆ. ಎಡಗೈ.

ಇಪ್ಪತ್ತೈದು ವರ್ಷದ ಮೇಲೆ. ಮೊದಲ ತುತ್ತು ಬಾಯಿಗೆ ಹೋಗುವಾಗ ಬೆನ್ನ ಹಿಂದೆ ಯಾರೋ ನಿಂತಿದ್ದಾರೆ ಅನಿಸಿತು. ಯಾರೂ ಇರಲಿಲ್ಲ. ಎರಡನೇ ತುತ್ತು ತಾನಾಗಿ ಹೋಯಿತು. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಮಜ್ಜಿಗೆಯ ಗಡಿಗೆ ಹಿಡಿದು ನಿಂತು ನೋಡಿದರು. ಈಗ ಇಬ್ಬರಿಗೆ ಪಟ್ಟಿ ಬೇಕು, ಇರುವುದು ಒಂದೇ. ಬಂದು ಇಬ್ಬರ ಗಂಗಾಳಕ್ಕೂ ಮಜ್ಜಿಗೆ ಹಾಕಿದರು. ಬಲಗೈಯಲ್ಲಿ. ಅದು ಅವರ ಕೈ, ಅವರ ಇಷ್ಟ.

ನಾಳೆ ಅವರು ಮತ್ತೆ ಪಟ್ಟಿ ತೆಗೆಯಬಹುದು. ತೆಗೆದರೆ ನಾನು ಮತ್ತೆ ಬಿಚ್ಚುತ್ತೇನೆ. ಶ್ರಾವಣದ ಪಂಕ್ತಿಯಲ್ಲಿ ನೀಲಾ ತನಗೆ ಬಂದ ಕೈಯಲ್ಲಿ ಉಣ್ಣುತ್ತಾಳೆ, ನಾನು ಅವಳ ಪಕ್ಕದಲ್ಲೇ ಕೂಡುತ್ತೇನೆ. ಮಾಸ್ತರರಿಗೂ ಹೇಳಿ ಕಳಿಸಿದ್ದಾಗಿದೆ, ಅಕ್ಷರ ತಿದ್ದಿರಿ, ಕೈ ತಿದ್ದಬೇಡಿ ಎಂದು. ಇದನ್ನು ಓದಿ ಕೆಲವರಿಗೆ ಸಿಟ್ಟು ಬರುತ್ತದೆ, ಗೊತ್ತು. ಬರಲಿ. ಹೋದ ತಿಂಗಳು ಹಪ್ಪಳಕ್ಕೆ ಸೋಡಾ ಬೇಡ ಎಂದು ಬರೆದಾಗಲೂ ಬಂದಿತ್ತು.

ಆ ರಾತ್ರಿ ನಾವಿನ್ನೂ ಉಣ್ಣುತ್ತಿದ್ದೆವು. ತೆರೆದ ಬಾಗಿಲಲ್ಲಿ ಪಕ್ಕದ ಮನೆಯ ಪಾರವ್ವಕ್ಕ ಬಂದರು, ಬೆಳಿಗ್ಗೆ ಒಯ್ದ ಜರಡಿ ಕೊಡಲು. ಅವರ ಯಜಮಾನರು ಊರಲ್ಲಿ ಬಹಳ ಶಿಸ್ತಿನ ಮನುಷ್ಯ ಎಂದು ಹೆಸರಾದವರು. ಯಾವ ಮದುವೆಯಲ್ಲೂ ಊಟಕ್ಕೆ ನಿಲ್ಲುವುದಿಲ್ಲ. ಅಕ್ಕಿಕಾಳು ಹಾಕಿ, ಕೈಮುಗಿದು, ಹಸಿದ ಹೊಟ್ಟೆಯಲ್ಲೇ ಬಸ್ಸು ಹತ್ತುತ್ತಾರೆ.

ಪಾರವ್ವಕ್ಕ ನೀಲಾಳ ಕೈ ನೋಡಿದರು. ನನ್ನ ಕೈಯನ್ನೂ ನೋಡಿದರು. ನಾನು ತುತ್ತು ಕೆಳಗಿಡಲಿಲ್ಲ. ಅವರು ಜರಡಿಯನ್ನು ಗೋಡೆಗೆ ಆನಿಸಿ ಇಟ್ಟು, ಸೆರಗು ಸರಿಪಡಿಸಿಕೊಂಡು ಹೊರಟರು. ಮೆಟ್ಟಿಲು ಇಳಿಯುತ್ತ, ತಿರುಗಿ ಕೂಡ ನೋಡದೆ ಹೇಳಿದರು:

"ಉಣ್ಣೂ ಮುಂದ ಬಾಗಲಾ ಹಾಕ್ಕೋಬಾರದೇನವಾ? ನಮ್ಮ ಮನಿಯವ್ರು ಮದಿವ್ಯಾದಾಗಿಂದ ಹಂಗ ಉಣ್ತಾರ."